ಜೋಗಿಮಟ್ಟಿಯ ತಪ್ಪಲಿನಲ್ಲಿ ಒಂದು ರಾತ್ರಿ

ಚಿತ್ರದುರ್ಗವೆಂದೊಡನೆ ಕಣ್ಣಮುಂದೆ ಬರುವುದು ಬಿಸಿಲು, ಬಂಡೆ, ಬರ. ಆ ಜಿಲ್ಲೆಯಲ್ಲಿಯೇ ಕಂಬಳಿ ಹೊದ್ದು ನಡುಗುವ ತಾಣವೊಂದಿದೆಯೆಂದರೆ ಹೊರಗಿನವರು ಬೇಗ ನಂಬಲಾರರು. ಸಮುದ್ರಮಟ್ಟದಿಂದ 3,803 ಅಡಿ ಎತ್ತರದಲ್ಲಿರುವ ಜೋಗಿಮಟ್ಟಿಯನ್ನು ಜನರು ‘ಚಿತ್ರದುರ್ಗದ ಊಟಿ’ ಎಂದು ಕರೆಯುವುದು ಸುಮ್ಮನೆ ಅಲ್ಲ. ಕಳೆದ ಆಗಮನ ಕಾಲದಲ್ಲಿ ದಾವಣಗೆರೆಯ ನಾವು ಆರು ಕಥೋಲಿಕ ಕುಟುಂಬಗಳವರು, ಮಕ್ಕಳೂ ಸೇರಿ ಇಪ್ಪತ್ತನಾಲ್ಕು ಮಂದಿ, ಅಲ್ಲಿಗೂ ಅಲ್ಲಿಂದ ಮುಂದೆ ವಾಣಿವಿಲಾಸ ಸಾಗರಕ್ಕೂ ಹೋಗಿಬಂದೆವು.

ಹೋಟೆಲು ಬೇಡ, ಅಡುಗೆಯನ್ನು ನಾವೇ ಮಾಡಿಕೊಳ್ಳೋಣ, ಡೇರೆ ಹಾಕಿ ಮಲಗೋಣ ಎಂಬುದು ಮೊದಲ ನಿರ್ಧಾರ. ಟೆಂಪೋ ಬಾಡಿಗೆ, ಅಕ್ಕಿ, ಬೇಳೆ, ತರಕಾರಿ ಎಲ್ಲ ಸೇರಿ ದೊಡ್ಡವರಿಗೆ ತಲೆಗೆ 600 ರೂಪಾಯಿ, ಮಕ್ಕಳಿಗೆ ಏನೂ ಇಲ್ಲ. ಇಷ್ಟು ಅಗ್ಗದ ಪ್ರವಾಸಕ್ಕೆ ಯಾರು ತಾನೇ ಒಲ್ಲೆ ಎಂದಾರು ಎಂದು ನಾವು ಬೀಗಿದ್ದೆವು. ಆದರೆ ಗಾರೆ ಕೆಲಸ ಮಾಡುವ ನಮ್ಮ ಸಹೋದರರೊಬ್ಬರು ಬರುವುದಿಲ್ಲವೆಂದರು. ಅವರ ಪಾಲನ್ನು ನಾವೇ ಭರಿಸುತ್ತೇವೆಂದರೂ ಒಪ್ಪಲಿಲ್ಲ. ಒತ್ತಾಯಿಸಿದಾಗ, “ಊಟದ ಖರ್ಚು ಬಿಡಿ ಅಣ್ಣಾ. ಶುಕ್ರವಾರ, ಶನಿವಾರ ಎರಡು ದಿನದ ಕೂಲಿ ಹೋದರೆ ವಾರದ ಸಂತೆಗೆ ಏನು ಮಾಡಲಿ?” ಎಂದರು.

ನಾವು ಡೀಸೆಲ್ಲಿನಿಂದ ಹಿಡಿದು ಉಪ್ಪಿನವರೆಗೆ ಲೆಕ್ಕ ಹಾಕಿದ್ದೆವು. ಕೂಲಿಯನ್ನು ಮಾತ್ರ ಲೆಕ್ಕಕ್ಕೆ ಹಿಡಿದಿರಲಿಲ್ಲ. ತಿಂಗಳ ಸಂಬಳದವರಿಗೆ ರಜೆಯೆಂದರೆ ರಜೆ, ಅವರಿಗೆ ಖಾಲಿ ಚೀಲ. ನಾಚಿಕೆಯಾಯಿತು. ಪ್ರವಾಸವನ್ನು ಶನಿವಾರ ಸಂಜೆ ಅವರ ಕೆಲಸ ಮುಗಿದ ಮೇಲೆ ಹೊರಟು ಭಾನುವಾರ ರಾತ್ರಿ ಹಿಂದಿರುಗುವಂತೆ ಬದಲಾಯಿಸಿದೆವು. ಸಂಜೆ ಟೆಂಪೋ ಹತ್ತಿದಾಗ ಅವರ ಅಂಗೈಯಲ್ಲಿ ಇನ್ನೂ ಸಿಮೆಂಟಿನ ಬಿಳುಪು ಇತ್ತು.

ಜೋಗಿಮಟ್ಟಿ 2015ರಿಂದ ವನ್ಯಜೀವಿಧಾಮ. ಕರಡಿ, ಚಿರತೆಗಳಿರುವ ಕಾಡಿನಲ್ಲಿ ಮನಬಂದಲ್ಲಿ ಡೇರೆ ಹೊಡೆಯುವಂತಿಲ್ಲ, ಒಲೆ ಹಚ್ಚುವಂತಿಲ್ಲ; ಒಣ ಹುಲ್ಲಿಗೆ ಒಂದು ಕಿಡಿ ಸಾಕು. ಆದುದರಿಂದ ಕಾಡಿನ ಹೊರಗೆ, ಪರಿಚಿತ ರೈತರೊಬ್ಬರ ಶೇಂಗಾ ಕಿತ್ತ ಹೊಲದಲ್ಲಿ ಟಾರ್ಪಾಲು ಕಟ್ಟಿದೆವು. ಅನ್ನ, ಹುರುಳಿಕಾಳಿನ ಸಾರು, ಸುಟ್ಟ ಹಪ್ಪಳ. ಊಟದ ನಂತರ ಜಪಸರ ಪ್ರಾರ್ಥನೆ. ಮೂರನೆಯ ರಹಸ್ಯದ ಹೊತ್ತಿಗೆ ಮಕ್ಕಳು ನಿದ್ದೆಹೋಗಿದ್ದರು. ನಡುರಾತ್ರಿಯ ಚಳಿಗೆ ತಂದ ಕಂಬಳಿಗಳು ಸಾಲದೆ ಹೆಂಗಸರು ಸೀರೆಗಳನ್ನೆಲ್ಲ ಮಕ್ಕಳಿಗೆ ಹೊದಿಸಿ ಬೆಳಗಿನವರೆಗೂ ಬೆಂಕಿಯ ಬಳಿ ಕುಳಿತಿದ್ದರು. ಇದು ನಮ್ಮ ಸಿದ್ಧತೆಯ ದೋಷ. ಹೋಗುವವರು ತಲೆಗೆರಡು ಹೊದಿಕೆ ಒಯ್ಯುವುದು ಲೇಸು.

ಆ ಬೆಂಕಿಯ ಬಳಿ ಸಂತ ಎರಡನೇ ಜಾನ್ ಪಾಲರ ಮಾತು ಬಂತು. ಅವರು ಇನ್ನೂ ಸಾಮಾನ್ಯ ಧರ್ಮಗುರುಗಳಾಗಿದ್ದಾಗ, 1950ರ ದಶಕದಲ್ಲಿ, ಪೋಲೆಂಡಿನ ಯುವಜನರನ್ನು ಕಿರುದೋಣಿಗಳಲ್ಲಿ ಉತ್ತರದ ಸರೋವರಗಳ ನಾಡಿಗೆ ಕರೆದೊಯ್ಯುತ್ತಿದ್ದರು. ಡೇರೆಯಲ್ಲಿ ವಾಸ, ಕೈಯಾರೆ ಅಡುಗೆ. ಗುರುಗಳು ಯುವಕರ ಗುಂಪು ಕಟ್ಟುವುದನ್ನು ಕಮ್ಯುನಿಸ್ಟ್ ಸರ್ಕಾರ ಸಹಿಸದಿದ್ದ ಕಾರಣ ಅವರೆಲ್ಲ ಇವರನ್ನು ‘ಮಾಮ’ ಎಂದೇ ಕರೆಯುತ್ತಿದ್ದರು. ಮಗುಚಿದ ದೋಣಿಯೇ ಬಲಿಪೀಠ. 1958ರ ಜುಲೈಯಲ್ಲಿ ಇಂತಹ ಪ್ರವಾಸದಲ್ಲಿದ್ದಾಗಲೇ ವಾರ್ಸಾದಿಂದ ಕರೆ ಬಂತು. 38ರ ಹರೆಯದಲ್ಲಿ ಸಹಾಯಕ ಧರ್ಮಾಧ್ಯಕ್ಷರಾಗಿ ನೇಮಕಗೊಂಡ ಅವರು ಒಪ್ಪಿಗೆ ನೀಡಿ ಮತ್ತೆ ದೋಣಿಯ ಗೆಳೆಯರಲ್ಲಿಗೇ ಹಿಂದಿರುಗಿದರು.

ಬೆಳಿಗ್ಗೆ ಚಿತ್ರದುರ್ಗ ನಗರದಲ್ಲಿ ಮೊದಲ ಬಲಿಪೂಜೆಯಲ್ಲಿ ಭಾಗವಹಿಸಿ ಬೆಟ್ಟ ಹತ್ತಿದೆವು. ಮಂಜು ಸರಿದಂತೆ ಸಾಲು ಬೆಟ್ಟಗಳ ನೆತ್ತಿಯ ಗಾಳಿಯಂತ್ರಗಳು ಒಂದೊಂದಾಗಿ ಕಾಣಿಸಿಕೊಂಡವು. ಮಕ್ಕಳು ಅವನ್ನು ಎಣಿಸಲು ಹೊರಟು ಸೋತರು. ಹೆಚ್ಚು ಹೊತ್ತು ನಿಲ್ಲಲಾಗಲಿಲ್ಲ.

ಪೋಲೆಂಡಿನವು ತಾನಾಗಿ ಆದ ಸರೋವರಗಳು. ನಮ್ಮ ಈ ಸೀಮೆಯ ನೀರೆಲ್ಲ ಮನುಷ್ಯನು ಕಟ್ಟಿ ನಿಲ್ಲಿಸಿದ್ದು. ಚಂದ್ರವಳ್ಳಿಯಲ್ಲಿರುವ ಕದಂಬ ಮಯೂರಶರ್ಮನ ಶಾಸನವೂ ಕೆರೆಯ ಮಾತನ್ನೇ ಹೇಳುತ್ತದೆ. ಹಿರಿಯೂರು ದಾಟಿ ಮಾರಿಕಣಿವೆ ತಲುಪಿದಾಗ ಮಧ್ಯಾಹ್ನ. ವೇದಾವತಿಗೆ ಅಡ್ಡಲಾಗಿ ಮೈಸೂರು ಅರಸರ ಆಳ್ವಿಕೆಯಲ್ಲಿ ಕಟ್ಟಿ 1907ರಲ್ಲಿ ಪೂರ್ಣಗೊಳಿಸಿದ ಈ ಜಲಾಶಯಕ್ಕೆ 30 ಟಿ.ಎಂ.ಸಿ. ನೀರು ಹಿಡಿಯುವ ಸಾಮರ್ಥ್ಯ. 1933ರಲ್ಲಿ ಕೋಡಿ ಬಿದ್ದದ್ದು, ಮತ್ತೆ ಬಿದ್ದದ್ದು 89 ವರ್ಷಗಳ ಅನಂತರ, 2022ರಲ್ಲಿ. 2025ರ ಜನವರಿಯಲ್ಲಿ ಮಗದೊಮ್ಮೆ. ಭದ್ರೆಯ ನೀರು ಇತ್ತ ಹರಿಯತೊಡಗಿದ್ದೂ ಇದಕ್ಕೆ ಒಂದು ಕಾರಣ. ತಳದ ಬಿರುಕು ನೆಲವನ್ನು ಕಂಡಿದ್ದ ನಮ್ಮ ಗುಂಪಿನ ಅಜ್ಜಿಯೊಬ್ಬರು ನೀರಿನ ಹರವನ್ನು ನೋಡಿ ಶಿಲುಬೆಯ ಗುರುತು ಹಾಕಿಕೊಂಡರು.

ಗಾರೆಯ ಸಹೋದರರು ಮಾತ್ರ ನೀರಿನ ಕಡೆ ನೋಡಲೇ ಇಲ್ಲ. ಕಟ್ಟೆಯ ಕಲ್ಲುಗಳ ಮೇಲೆ ಕೈಯಾಡಿಸುತ್ತಾ, ಒಂದು ಸಾಲಿನ ಸಂದು ಮೇಲಿನ ಸಾಲಿನ ಸಂದಿಗೆ ಏಕೆ ಸೇರಬಾರದೆಂದು ಮಕ್ಕಳಿಗೆ ತೋರಿಸಿಕೊಟ್ಟರು. ನಮ್ಮ ಮಕ್ಕಳು ಅವರನ್ನು ಅಷ್ಟು ಹೊತ್ತು ಆಲಿಸಿದ್ದನ್ನು ನಾವು ಎಂದೂ ಕಂಡಿರಲಿಲ್ಲ. ಅವರ ಮಗನು ಪಕ್ಕದಲ್ಲಿಯೇ ನಿಂತಿದ್ದನು.

ದಾವಣಗೆರೆ ಸೇರಿದಾಗ ರಾತ್ರಿ ಹತ್ತು ಗಂಟೆ. ಲೆಕ್ಕ ನೋಡಿದರೆ 740 ರೂಪಾಯಿ ಉಳಿದಿತ್ತು. ಅದನ್ನು ಹಂಚಬೇಕೆ, ಮುಂದಿನ ಪ್ರವಾಸಕ್ಕೆ ಇಡಬೇಕೆ ಎಂಬ ಚರ್ಚೆ ಟೆಂಪೋ ಇಳಿಯುವಾಗಲೂ ನಡೆದಿತ್ತು. “ಇಟ್ಟುಕೊಳ್ಳಿ ಅಣ್ಣಾ, ಆದರೆ ಹೊರಡುವುದು ಶನಿವಾರ ಸಂಜೆಯೇ” ಎಂದು ಹೇಳಿ ಅವರು ನಿದ್ದೆಹೋಗಿದ್ದ ಮಗನನ್ನು ಹೆಗಲಿಗೇರಿಸಿಕೊಂಡರು.