ಕುದುರೆಯ ಬಯಲು, ಮಳೆಯ ನೀರು

ಚೆನ್ನೈಯ ವೆಸ್ಟ್ ಮಾಂಬಲಂ ನಿವಾಸಿಗಳಿಗೆ ಕೆಸರಿನ ಸ್ವಭಾವವನ್ನು ಯಾರೂ ಬೋಧಿಸಬೇಕಾದುದಿಲ್ಲ. ರೈಲುಹಳಿಯ ಆಚೆಗಿನ ತ್ಯಾಗರಾಯನಗರವು 1920ರ ದಶಕದಲ್ಲಿ ದೀರ್ಘವಾದೊಂದು ಕೆರೆಯನ್ನು ಬತ್ತಿಸಿ ನಿರ್ಮಿಸಿದ ಬಡಾವಣೆ. ಆಶ್ವಯುಜ ಕಾರ್ತಿಕಗಳ ಈಶಾನ್ಯ ಮಾರುತ ಬಿರುಸಾದಾಗ ನೀರು ತನ್ನ ಪೂರ್ವಾಶ್ರಮವನ್ನು ಸ್ಮರಿಸಿಕೊಂಡು ಬೀದಿಗಿಳಿಯುತ್ತದೆ. ಇಲ್ಲಿಂದ ಅನತಿದೂರದಲ್ಲಿರುವ ಗಿಂಡಿಯ ಕುದುರೆಪಂದ್ಯದ ಬಯಲು ಸಹ, 2024ರ ಸೆಪ್ಟೆಂಬರಿನಲ್ಲಿ ಸರ್ಕಾರವು ಅದರ ಗುತ್ತಿಗೆಯನ್ನು ರದ್ದುಗೊಳಿಸಿದ ತರುವಾಯ, ನೆರೆನೀರನ್ನು ತಡೆದಿಡುವ ಕೊಳಗಳಿಗೆ ಎಡೆಯಾಯಿತು. ಆದುದರಿಂದ ಈ ಸೀಮೆಯ ಹೊರವಲಯದಲ್ಲಿ ಹೊಸದಾಗಿ ಜಮೀನು ಕೊಂಡು ಒಂದೆರಡು ಕುದುರೆಗಳನ್ನು ಸಾಕಹೊರಟವನು ಬೇಲಿಗೂ ಲಾಯಕ್ಕೂ ಮುನ್ನ ನೀರಿನೊಡನೆ ರಾಜಿಮಾಡಿಕೊಳ್ಳಬೇಕು.

ಕೆಸರಿಗೆ ಮಳೆಯೇ ಕಾರಣವೆಂಬುದು ಅರ್ಧಸತ್ಯ. ಸುಮಾರು 450 ಕಿಲೋ ತೂಕದ ಪ್ರಾಣಿಯೊಂದು ನೆನೆದ ಜೇಡಿಮಣ್ಣಿನ ಮೇಲೆ, ದಿನವೂ ಅದೇ ಗೇಟಿನ ಬಳಿ, ಅದೇ ನೀರಿನ ತೊಟ್ಟಿಯ ಬಳಿ ಸುಳಿದಾಡುತ್ತಿದ್ದರೆ, ಹುಲ್ಲಿನ ಬೇರು ಕಿತ್ತು, ಮಣ್ಣಿನ ರಂಧ್ರಗಳೆಲ್ಲ ಮುಚ್ಚಿ, ಇಂಗಲಾರದ ನೀರು ಮೇಲೆಯೇ ನಿಲ್ಲುತ್ತದೆ. ಲದ್ದಿಯನ್ನು ದಿನದಿನವೂ ತೆಗೆಯದಿದ್ದರೆ ಅದೂ ಬೆರೆತು ನೀರನ್ನು ಹಿಡಿದಿಟ್ಟುಕೊಳ್ಳುತ್ತದೆ. ಲಾಯದ ಮಾಡಿನ ಪಾಲೂ ಕಡಿಮೆಯದಲ್ಲ. 100 ಚದರ ಮೀಟರಿನ ಮಾಡಿನ ಮೇಲೆ 100 ಮಿಲಿಮೀಟರ್ ಮಳೆ ಸುರಿದರೆ 10,000 ಲೀಟರ್ ನೀರು ಬಾಗಿಲ ಮುಂದೆಯೇ ಬೀಳುವುದರಿಂದ, ಅದನ್ನು ಸೂರಿನಂಚಿನ ದೋಣಿಯಲ್ಲಿ ಹಿಡಿದು ದೂರದ ಹೊಂಡಕ್ಕೆ ಸಾಗಿಸುವ ಕೆಲಸ ಮೊದಲನೆಯದು.

ಎರಡನೆಯದು ಒಂದು ತ್ಯಾಗ. ಜಮೀನಿನ ಎತ್ತರದ ಮೂಲೆಯಲ್ಲಿ, ಹುಲ್ಲಿನ ಆಸೆಯನ್ನೇ ತೊರೆದು, ಸಣ್ಣದೊಂದು ಅಂಗಳವನ್ನು ಮಳೆಗಾಲಕ್ಕೆಂದು ಬಿಟ್ಟುಕೊಡಬೇಕು. ಮೇಲಣ ಮೆತ್ತನೆಯ ಮಣ್ಣನ್ನು ಬಾಚಿ ತೆಗೆದು, 100 ಅಡಿಗೆ ಒಂದೆರಡು ಅಡಿಯಷ್ಟು ಇಳಿಜಾರು ಕೊಟ್ಟು, ರಸ್ತೆ ಕೆಲಸದವರು ಬಳಸುವ ಜಿಯೋಟೆಕ್ಸ್‌ಟೈಲ್ ಬಟ್ಟೆಯನ್ನು ಹಾಸಿ, ಅದರ ಮೇಲೆ ಜಲ್ಲಿಯನ್ನೂ ಜಲ್ಲಿಪುಡಿಯನ್ನೂ ಹರಡಿ ದಮ್ಮಸು ಮಾಡುತ್ತಾರೆ. ಬಟ್ಟೆಯ ಖರ್ಚನ್ನು ಉಳಿಸಹೊರಟವರು ಜಲ್ಲಿಯು ಜೇಡಿಯೊಳಗೆ ಮೆಲ್ಲಮೆಲ್ಲನೆ ಮುಳುಗುವುದನ್ನು ನೋಡುತ್ತ, ಅದೇ ಜಾಗಕ್ಕೆ ಮತ್ತೆ ಮತ್ತೆ ಲಾರಿ ಕರೆಸಬೇಕಾಗುತ್ತದೆ. ಮನೆಯ ಕೆಲಸ ಇನ್ನೂ ನಡೆಯುತ್ತಿರುವ ಜಮೀನಿನಲ್ಲಿ ಆ ಲಾರಿಗಳಿಗೂ ಬೇರೆ ದಾರಿ ಇರತಕ್ಕದ್ದು. ಅವುಗಳ ಚಕ್ರ ಒತ್ತಿದ ನೆಲದಲ್ಲಿ ಹುಲ್ಲು ಸುಲಭವಾಗಿ ಚಿಗುರದು.

ಮಳೆಗಾಲವೆಲ್ಲ ಕುದುರೆಯನ್ನು ಲಾಯದಲ್ಲಿಯೇ ಕಟ್ಟಿಹಾಕಬಾರದೇಕೆ ಎಂದು ಕೇಳುವವರುಂಟು. ದಿನದ ಬಹುಭಾಗವನ್ನು ಮೇಯುತ್ತ ನಡೆದಾಡುತ್ತ ಕಳೆಯುವ ಈ ಪ್ರಾಣಿ ನಿಂತಲ್ಲೇ ನಿಂತರೆ ಕಾಲು ಬಾತುಕೊಳ್ಳುತ್ತದೆ, ಕರುಳಿನ ಚಲನೆ ಮಂದವಾಗಿ ಹೊಟ್ಟೆನೋವಿಗೆ ಆಸ್ಪದವಾಗುತ್ತದೆ, ಬೇಸರದಿಂದ ಮರ ಕಡಿಯುವ, ಎಡಬಲಕ್ಕೆ ತೂಗುವ ಚಟಗಳು ಅಂಟುತ್ತವೆ. ಜಲ್ಲಿಯ ಅಂಗಳದಲ್ಲಿ ಒಣಹುಲ್ಲಿಟ್ಟು ದಿನವೂ ಕೆಲವು ಗಂಟೆ ಬಿಡುವುದು ಇದಕ್ಕೆ ಪರಿಹಾರ. ಮೇವಿನ ಬಯಲಿಗೆ ಬಿಡುವ ಮುನ್ನ ಸಾಕುವವನು ತನ್ನ ಹಿಮ್ಮಡಿಯನ್ನು ನೆಲಕ್ಕೆ ಒತ್ತಿ ನೋಡಬೇಕು; ಕುಳಿಯಲ್ಲಿ ನೀರು ಒಸರಿದರೆ ಅಂದು ಗೇಟು ತೆರೆಯಕೂಡದು.

ಟಿಪ್ಪುವಿನ ಕಾಲದಿಂದ ಕುದುರೆಗಳಿಗೆ ಹೆಸರಾದ ಕುಣಿಗಲ್ಲಿನ ಕಡೆಯ ಮರಳುಮಿಶ್ರಿತ ಕೆಂಪು ನೆಲ ನೀರನ್ನು ಬೇಗನೆ ಬಸಿಯಗೊಡುತ್ತದೆ. ಅಲ್ಲಿ ನಡೆಯುವ ಅನೇಕ ಸ್ವಾತಂತ್ರ್ಯಗಳು ಚೆನ್ನೈಯ ಜೇಡಿಯಲ್ಲಿ ನಡೆಯವು.

ಇಷ್ಟೆಲ್ಲ ಮಾಡಿಯೂ ಕಾಲಿಗೆ ಕೆಸರು ಮೆತ್ತದಿರದು. ಗೊರಸಿನಡಿಯ ಮೃದುವಾದ ತ್ರಿಕೋಣ ಭಾಗ ಕೊಳೆತು ನಾರುವುದೂ, ಗೊರಸಿನ ಮೇಲಣ ಚರ್ಮ ಬಿರಿದು ಹುಣ್ಣಾಗುವುದೂ ಸತತವಾದ ತೇವದಿಂದಲೇ. ಸಂಜೆ ಗೊರಸನ್ನು ಎತ್ತಿ ಕೆರೆದು ಸ್ವಚ್ಛಗೊಳಿಸುವುದು ಅಗತ್ಯ. ಆದರೆ ಕಾಲನ್ನು ಪದೇಪದೇ ತೊಳೆಯುವ ಉತ್ಸಾಹ ತೇವವನ್ನೇ ಹೆಚ್ಚಿಸುವುದರಿಂದ, ಕೆಸರು ಒಣಗುವವರೆಗೆ ಕಾದು ಬ್ರಷ್ಷಿನಿಂದ ಉದುರಿಸುವುದೇ ಲೇಸು.