ಮಣ್ಣಿನಡಿ ಮರೆತ ಸೆಪ್ಟಿಕ್ ಟ್ಯಾಂಕು

ಹೂತಿಟ್ಟ ಹೊನ್ನಿನ ಕೊಪ್ಪರಿಗೆಯನ್ನು ಹುಡುಕಿಕೊಂಡು ಹೊರಟವರ ಕಥೆಗಳನ್ನು ನಾವೆಲ್ಲರೂ ಬಾಲ್ಯದಲ್ಲಿ ಕೇಳಿದ್ದೇವೆ. ಹಳ್ಳಿಯ ಹಳೆಯ ಮನೆಗಳಲ್ಲಿ ಇಂದು ಹುಡುಕಬೇಕಾಗಿ ಬರುವುದು ಹೊನ್ನನ್ನಲ್ಲ, ಸೆಪ್ಟಿಕ್ ಟ್ಯಾಂಕನ್ನು. ಮಲೆನಾಡಿನ ಅಡಕೆ ತೋಟದ ಅಂಚಿನಲ್ಲಿ ಐವತ್ತು ವರ್ಷಗಳ ಹಿಂದೆ ಕಟ್ಟಿಸಿದ ಮನೆಯೊಂದನ್ನು ಊಹಿಸಿಕೊಳ್ಳಿ. ಕಟ್ಟಿಸಿದ ಯಜಮಾನರು ಈಗಿಲ್ಲ. ಕಟ್ಟಿದ ಮೇಸ್ತ್ರಿ ಯಾವ ಊರಿನವನೆಂಬುದು ಯಾರಿಗೂ ನೆನಪಿಲ್ಲ. ಟ್ಯಾಂಕಿನ ಗಾಳಿಕೊಳವೆ ಎಂದೋ ಮುರಿದುಬಿದ್ದಿದೆ. ಚಪ್ಪಡಿಯ ಮೇಲೆ ಮಣ್ಣು ಕೂತು, ಹುಲ್ಲು ಬೆಳೆದು, ಹಿತ್ತಲೆಲ್ಲ ಒಂದೇ ಸಮನಾಗಿದೆ. ಶೌಚಗೃಹದ ನೀರು ಇಳಿಯದೆ ನಿಂತಾಗಲೇ ಮನೆಯವರಿಗೆ ಟ್ಯಾಂಕಿನ ನೆನಪಾಗುವುದು.

ಮರೆಯುವುದು ಸಹಜವೇ. ಈ ಟ್ಯಾಂಕಿನ ಗುಣವೇ ಅಂಥದು. 1860ರ ಸುಮಾರಿಗೆ ಫ್ರಾನ್ಸಿನಲ್ಲಿ ಮೂರಾಸ್ ಎಂಬಾತನು ಕಟ್ಟಿಸಿದ ಇಂತಹ ತೊಟ್ಟಿಯೊಂದನ್ನು ಹಲವು ವರ್ಷಗಳ ಮೇಲೆ ತೆರೆದು ನೋಡಿದಾಗ, ನಿರೀಕ್ಷಿಸಿದ್ದಷ್ಟು ಘನಮಲ ಅದರಲ್ಲಿ ಇರಲಿಲ್ಲ. ಗಾಳಿಯ ನೆರವಿಲ್ಲದೆ ಬದುಕುವ ಬ್ಯಾಕ್ಟೀರಿಯಗಳು ಅದರ ಬಹುಭಾಗವನ್ನು ಕರಗಿಸಿಬಿಟ್ಟಿದ್ದವು. 1881ರಲ್ಲಿ ಆತನು ಅದಕ್ಕೆ ಪೇಟೆಂಟ್ ಪಡೆದನು. ವರ್ಷಗಟ್ಟಲೆ ತಂಟೆಮಾಡದ ವಸ್ತುವನ್ನು ಯಾರು ತಾನೆ ನೆನಪಿನಲ್ಲಿಟ್ಟುಕೊಳ್ಳುತ್ತಾರೆ?

ಆದರೆ ಅದೇ ಬ್ಯಾಕ್ಟೀರಿಯಗಳು ಮೀಥೇನ್ ಮತ್ತು ಹೈಡ್ರೊಜನ್ ಸಲ್ಫೈಡ್ ಅನಿಲಗಳನ್ನೂ ಹುಟ್ಟಿಸುತ್ತವೆ. ಎರಡನೆಯ ಅನಿಲವು ಮುಚ್ಚಳದ ಅಡಿಮೈಯ ಪಸೆಯಲ್ಲಿ ಕರಗುತ್ತದೆ. ಅಲ್ಲಿ ಮತ್ತೊಂದು ಜಾತಿಯ ಬ್ಯಾಕ್ಟೀರಿಯಗಳು ಅದನ್ನು ಗಂಧಕಾಮ್ಲವನ್ನಾಗಿ ಮಾರ್ಪಡಿಸುತ್ತವೆ. ಆಮ್ಲವು ಸಿಮೆಂಟನ್ನು ತಿನ್ನುತ್ತದೆ. ಒಳಗಿನ ಕಬ್ಬಿಣವು ತುಕ್ಕು ಹಿಡಿದು, ಉಬ್ಬಿ, ಕಾಂಕ್ರೀಟನ್ನು ಸೀಳುತ್ತದೆ. ಮೇಲಿನಿಂದ ಗಟ್ಟಿಮುಟ್ಟಾಗಿ ಕಾಣುವ ಚಪ್ಪಡಿಯು ಹೀಗೆ ಕೆಳಗಿನಿಂದ ಸವೆಯುತ್ತ ಬರುತ್ತದೆ. ಒಂದು ದಿನ ಮೇಯುತ್ತಿದ್ದ ಹಸುವಿನ ಅಥವಾ ಆಡುತ್ತಿದ್ದ ಮಗುವಿನ ಭಾರಕ್ಕೆ ಅದು ಕುಸಿಯಬಹುದು. ಆದುದರಿಂದ ಹಾರೆಯನ್ನು ಹಿಡಿದು ಹಿತ್ತಲಲ್ಲಿ ಕಂಡಕಂಡಲ್ಲಿ ಕುಟ್ಟುತ್ತ ಹೋಗುವುದು ತರವಲ್ಲ. ಹುಡುಕಾಟವು ಮನೆಯೊಳಗಿನಿಂದ ಆರಂಭವಾಗಬೇಕು.

ಮಲಿನ ನೀರನ್ನು ಟ್ಯಾಂಕಿಗೆ ಒಯ್ಯುವುದು ಗುರುತ್ವಾಕರ್ಷಣೆಯೊಂದೇ. ಕೊಳವೆಯು ಇಳಿಜಾರಾಗಿರಬೇಕು, ಕಟ್ಟಿಕೊಳ್ಳದಿರಲು ಆದಷ್ಟು ನೇರವಾಗಿಯೂ ಇರಬೇಕು. ನಾಲ್ಕು ಅಂಗುಲ ವ್ಯಾಸದ ಕೊಳವೆಗೆ 50 ಅಡಿ ಉದ್ದಕ್ಕೆ ಸುಮಾರು 1 ಅಡಿ ಇಳಿಜಾರು ಕೊಡುವುದು ವಾಡಿಕೆ. ಶೌಚಗೃಹದ ಹಿಂಗೋಡೆಯಿಂದ ಹೊರಬೀಳುವಲ್ಲಿ ಕೊಳವೆಯು ನೆಲದಿಂದ 1 ಅಡಿ ಕೆಳಗಿದ್ದರೆ, ಸಮತಟ್ಟಾದ ಹಿತ್ತಲಲ್ಲಿ 25 ಅಡಿ ದೂರಕ್ಕೆ ಒಂದೂವರೆ ಅಡಿ ಕೆಳಗಿರುತ್ತದೆ. ಹತ್ತು ಗುಂಟೆಯ ಹಿತ್ತಲು ಈ ಸಣ್ಣ ಲೆಕ್ಕದಿಂದ ಒಂದು ಕಿರಿದಾದ ಪಟ್ಟಿಗೆ ಇಳಿಯಿತಲ್ಲವೆ? ನೆಲವೇ ಇಳಿಜಾರಾಗಿದ್ದರೆ ಟ್ಯಾಂಕು ತಗ್ಗಿನ ಕಡೆಗೆ ಇರುವ ಸಂಭವ ಹೆಚ್ಚು. ಕವಲುಕಡ್ಡಿಯನ್ನೋ ಅಂಗೈಯಲ್ಲಿ ತೆಂಗಿನಕಾಯಿಯನ್ನೋ ಹಿಡಿದು ನೀರು ನೋಡುವವರನ್ನು ಈ ಕೆಲಸಕ್ಕೂ ಕರೆಸುವವರಿದ್ದಾರೆ. ಕೊಳವೆ ಹೊರಬೀಳುವ ಜಾಗವನ್ನು ಕಂಡ ಯಾರ ಕೈಯಲ್ಲಿನ ಕಡ್ಡಿಯಾದರೂ ಆ ಪಟ್ಟಿಯಲ್ಲೇ ಬಾಗೀತು!

ಇನ್ನು ಆ ಪಟ್ಟಿಯೊಳಗೆ ಟ್ಯಾಂಕು ಎಲ್ಲಿದೆ? ಹೂತ ವಸ್ತುವು ಕಣ್ಣಿಗೆ ಕಾಣದಿದ್ದರೂ ಯಾವುದಾದರೊಂದು ಭೌತಗುಣದಲ್ಲಿ ಸುತ್ತಣ ಮಣ್ಣಿಗಿಂತ ಭಿನ್ನವಾಗಿರುತ್ತದೆ. ಆ ಭೇದವನ್ನು ಅಳೆಯುವುದೇ ಹುಡುಕುವುದು. ಮೊದಲ ಮಾಪಕವು ಹುಲ್ಲು. ಚಪ್ಪಡಿಯ ಮೇಲಿನ ತೆಳುಮಣ್ಣಿನಲ್ಲಿ ನೀರು ನಿಲ್ಲದು. ಬೇಸಗೆ ಬಂದಾಗ ಅಲ್ಲಿಯ ಹುಲ್ಲು ಎಲ್ಲಕ್ಕಿಂತ ಮೊದಲು ಒಣಗುತ್ತದೆ. ಟ್ಯಾಂಕಿನಿಂದ ಹೊರಬಂದ ನೀರು ಇಂಗುವ ಗುಂಡಿಯ ಬಳಿಯಲ್ಲಾದರೋ ಹುಲ್ಲು ಹಸಿರಾಗಿಯೇ ಉಳಿಯುತ್ತದೆ. 2018ರ ಬೇಸಗೆಯ ಬರದಲ್ಲಿ ಐರ್ಲೆಂಡಿನ ನ್ಯೂಗ್ರೇಂಜ್ ಸಮೀಪದ ಹೊಲವೊಂದರಲ್ಲಿ ಇಂತಹ ಬಣ್ಣದ ವ್ಯತ್ಯಾಸದಿಂದಲೇ, ಅದುವರೆಗೆ ಯಾರೂ ಅರಿಯದ ಪ್ರಾಚೀನ ವೃತ್ತಾಕಾರದ ರಚನೆಯೊಂದು ಡ್ರೋನಿನ ಕಣ್ಣಿಗೆ ಬಿದ್ದಿತು.

ಮಳೆಗಾಲದಲ್ಲಿ ಹುಲ್ಲು ಏನನ್ನೂ ಹೇಳದು. ಆಗ ವಿದ್ಯುತ್ತನ್ನು ಕೇಳಬಹುದು. ಮಣ್ಣಿನಲ್ಲಿ ಪ್ರವಾಹವನ್ನು ಒಯ್ಯುವುದು ಅದರ ತೇವದಲ್ಲಿ ಕರಗಿದ ಲವಣಗಳು. ಟ್ಯಾಂಕಿನೊಳಗಿನ ಬರಿಗಾಳಿಯ ಪದರವು ಪ್ರವಾಹಕ್ಕೆ ದಾರಿ ಕೊಡುವುದಿಲ್ಲ. ಸೋರಿದ ನೀರಿನಿಂದ ತೊಯ್ದ ಮಣ್ಣು ಧಾರಾಳವಾಗಿ ದಾರಿ ಕೊಡುತ್ತದೆ. ನೆಲಕ್ಕೆ ಎರಡೇ ಸಲಾಕೆಗಳನ್ನು ನೆಟ್ಟು ರೋಧವನ್ನು ಅಳೆದರೆ, ನಮಗೆ ಸಿಕ್ಕುವುದು ಬಹುಮಟ್ಟಿಗೆ ಸಲಾಕೆಗೂ ಮಣ್ಣಿಗೂ ನಡುವಿನ ಸಂಪರ್ಕದ ರೋಧ. 1915ರಲ್ಲಿ ಅಮೆರಿಕದ ಫ್ರಾಂಕ್ ವೆನ್ನರ್ ಸೂಚಿಸಿದ ಉಪಾಯವು ಈ ತೊಡಕನ್ನು ಸೊಗಸಾಗಿ ಬಿಡಿಸುತ್ತದೆ. ಸಮಾನ ಅಂತರದಲ್ಲಿ ನಾಲ್ಕು ಸಲಾಕೆಗಳನ್ನು ಒಂದೇ ಸಾಲಿನಲ್ಲಿ ನೆಡಬೇಕು. ಹೊರಗಿನ ಎರಡರ ಮೂಲಕ ಪ್ರವಾಹವನ್ನು ಹರಿಸಿ, ಒಳಗಿನ ಎರಡರ ನಡುವಣ ವಿಭವಾಂತರವನ್ನು ಅಳೆಯಬೇಕು. ವೋಲ್ಟ್‌ಮಾಪಕವು ಬಹಳ ಅಲ್ಪ ಪ್ರವಾಹವನ್ನು ಎಳೆಯುವುದರಿಂದ ಒಳಸಲಾಕೆಗಳ ಸಂಪರ್ಕರೋಧವು ಲೆಕ್ಕಕ್ಕೆ ಬಾರದು. ಅಂತರ 1 ಮೀಟರು, ಪ್ರವಾಹ 10 ಮಿಲಿಆಂಪಿಯರು, ವಿಭವಾಂತರ 0.8 ವೋಲ್ಟು ಎಂದಿಟ್ಟುಕೊಳ್ಳಿ. ರೋಧವು 80 ಓಮ್. ಇದನ್ನು ಅಂತರದಿಂದಲೂ 2π ಇಂದಲೂ ಗುಣಿಸಿದರೆ ಮಣ್ಣಿನ ವಿಶಿಷ್ಟ ರೋಧವು ಸುಮಾರು 500 ಓಮ್-ಮೀಟರು ಎಂದಾಗುತ್ತದೆ. ಸಾಲನ್ನು ಅರ್ಧರ್ಧ ಮೀಟರು ಮುಂದಕ್ಕೆ ಸರಿಸುತ್ತ ಅಳೆದರೆ, ಟ್ಯಾಂಕು ಬಂದಲ್ಲಿ ಈ ಸಂಖ್ಯೆಯು ಥಟ್ಟನೆ ಏರುತ್ತದೆ, ಇಲ್ಲವೆ ಇಳಿಯುತ್ತದೆ. ಏರಿತೋ ಇಳಿಯಿತೋ ಎಂಬುದಕ್ಕಿಂತ ಬದಲಾಯಿತೆಂಬುದು ಮುಖ್ಯ. ಕಾಲೇಜಿನ ಪ್ರಯೋಗಶಾಲೆಯ ಉಪಕರಣಗಳೂ ಕೆಲವು ಬ್ಯಾಟರಿಗಳೂ ಇದಕ್ಕೆ ಸಾಕು. ಆದರೆ ಸಲಾಕೆಗಳ ಬಳಿ ಆಗುವ ಧ್ರುವೀಕರಣದ ದೋಷವನ್ನು ಕಳೆಯಲು ಪ್ರವಾಹದ ದಿಕ್ಕನ್ನು ತಿರುಗಿಸಿ ಎರಡು ಅಳತೆಗಳ ಸರಾಸರಿಯನ್ನು ಹಿಡಿಯಬೇಕು. ಮನೆಯ ವಿದ್ಯುತ್ತನ್ನು ಯಾವ ಕಾರಣಕ್ಕೂ ಬಳಸಕೂಡದು.

ಲೋಹಶೋಧಕವನ್ನು ಅನೇಕರು ಮೊದಲು ನೆನೆಯುತ್ತಾರೆ. ಕಾಂಕ್ರೀಟಿನೊಳಗೆ ಕಬ್ಬಿಣವಿದ್ದರೆ ಅದು ಕೂಗೀತು. ಮುರಕಲ್ಲಿನ ಗೋಡೆ, ಕಲ್ಲಿನ ಚಪ್ಪಡಿಗಳ ಟ್ಯಾಂಕಿನ ಮುಂದೆ ಅದು ಮೂಕ. ಅದಕ್ಕಿಂತ ಜಾಣ ಸಾಧನವೊಂದಿದೆ. ಬೆರಳುದ್ದದ ಪ್ರೇಷಕವೊಂದನ್ನು ಕೊಳವೆಯೊಳಗೆ ತಳ್ಳಿ, ಅದರ ಕಾಂತಕ್ಷೇತ್ರವನ್ನು ಮೇಲಿನಿಂದ ಗ್ರಾಹಕದ ಮೂಲಕ ಅನುಸರಿಸುತ್ತ ಹೋಗುವುದು. ಎರಕದ ಕಬ್ಬಿಣದ ಕೊಳವೆಗೆ ಇಂತಹ ಪ್ರೇಷಕವು ಸೆಕೆಂಡಿಗೆ 512 ಕಂಪನಗಳಷ್ಟು ಮಂದಗತಿಯದಾಗಿರುತ್ತದೆ. ಕಂಪನವು ತೀವ್ರವಾದಷ್ಟೂ ಕಬ್ಬಿಣದಲ್ಲಿ ಹುಟ್ಟುವ ಸುಳಿಪ್ರವಾಹಗಳು ಕ್ಷೇತ್ರವನ್ನು ಒಳಗೇ ತಡೆದುಬಿಡುತ್ತವೆ. ನೆಲವನ್ನು ಭೇದಿಸಿ ನೋಡುವ ರೇಡಾರು ಕೂಡ ಉಂಟು. ಅದು ದುಬಾರಿ; ಒದ್ದೆ ಜೇಡಿಮಣ್ಣು ಅದರ ಅಲೆಗಳನ್ನು ನುಂಗುತ್ತದೆ.

ಸ್ಥಳವು ಇಷ್ಟು ಖಚಿತವಾದ ಮೇಲೆಯೇ ಕಬ್ಬಿಣದ ಸರಳಿನ ಕೆಲಸ. ತುದಿ ಮೊಂಡಾಗಿರಲಿ; ಚೂಪಾದ ಹಾರೆಯು ಸುಟ್ಟ ಮಣ್ಣಿನ ಕೊಳವೆಯನ್ನು ಒಡೆದೀತು. ಶಂಕಿತ ಜಾಗದ ಆಚೀಚೆಗೂ ಚಾಚುವಂತಹ ಉದ್ದನೆಯ ದಪ್ಪ ಹಲಗೆಯನ್ನು ಹಾಸಿ, ಅದರ ಮೇಲೆ ನಿಂತು, ಕುಟ್ಟದೆ ಮೆಲ್ಲನೆ ಒತ್ತಬೇಕು. ಹಲಗೆಯ ಎರಡು ತುದಿಗಳೂ ಗಟ್ಟಿ ನೆಲದ ಮೇಲಿದ್ದರೆ ನಮ್ಮ ಭಾರವನ್ನು ಚಪ್ಪಡಿಯು ಹೊರಬೇಕಾಗಿಲ್ಲ.

ಸಿಕ್ಕಿದ ಮುಚ್ಚಳವನ್ನು ತೆರೆಯುವ ಆತುರ ಬೇಡ. ಹೈಡ್ರೊಜನ್ ಸಲ್ಫೈಡಿನ ಕೊಳೆತ ಮೊಟ್ಟೆಯ ನಾತವು ಹತ್ತು ಲಕ್ಷ ಭಾಗ ಗಾಳಿಯಲ್ಲಿ ಒಂದು ಭಾಗಕ್ಕಿಂತ ಕಡಮೆಯಿದ್ದರೂ ಮೂಗಿಗೆ ತಿಳಿಯುತ್ತದೆ. ನೂರು ಭಾಗಗಳನ್ನು ದಾಟಿದರೆ ಮೂಗಿನ ಶಕ್ತಿಯೇ ಉಡುಗಿ, ನಾತವು ಹೋಯಿತೆಂದು ಭ್ರಮೆಯಾಗುತ್ತದೆ. ಇನ್ನೂ ಹೆಚ್ಚಿದರೆ ಕೆಲವೇ ಉಸಿರುಗಳಲ್ಲಿ ಪ್ರಾಣ ಹೋಗುತ್ತದೆ. ಬಿದ್ದವನನ್ನು ಎತ್ತಲು ಇಳಿದವರೂ ಸಾಯುವುದು ಹೀಗೆಯೇ. ಬಾವಿಯಲ್ಲಿ ಮಾಡುವಂತೆ ದೀಪವನ್ನು ಇಳಿಸಿ ನೋಡುವ ಪದ್ಧತಿಯೂ ಇಲ್ಲಿ ಸಲ್ಲದು. ಗಾಳಿಯಲ್ಲಿ ನೂರಕ್ಕೆ 5ರಿಂದ 15ರಷ್ಟು ಮೀಥೇನ್ ಬೆರೆತಿದ್ದರೆ ಅದು ಸಿಡಿಯುತ್ತದೆ. ರಕ್ಷಣಾಸಾಧನಗಳಿಲ್ಲದೆ ಮನುಷ್ಯನನ್ನು ಟ್ಯಾಂಕು ಚೊಕ್ಕಟಮಾಡಲು ತೊಡಗಿಸುವುದು 2013ರ ಕಾಯಿದೆಯ ಪ್ರಕಾರ ಶಿಕ್ಷಾರ್ಹ ಅಪರಾಧ. ಹೀರುವ ಯಂತ್ರದ ಲಾರಿಯನ್ನು ಕರೆಸಬೇಕು.

ಲಾರಿ ಬರುವುದರೊಳಗೆ ಮಾಡಬಹುದಾದ ಕೆಲಸವೊಂದಿದೆ. ಮನೆಯ ಹಿಂಗೋಡೆಯ ಎರಡು ಮೂಲೆಗಳಿಂದ ಮುಚ್ಚಳದ ನಡುವಿಗೆ ಇರುವ ದೂರಗಳನ್ನು ಟೇಪಿನಿಂದ ಅಳೆದು, ಮನೆಯ ಪತ್ರಗಳ ಜೊತೆಗೆ ಬರೆದಿಡಿ. ಆ ಎರಡು ದೂರಗಳನ್ನು ತ್ರಿಜ್ಯಗಳಾಗಿ ಹಿಡಿದು ವೃತ್ತಗಳನ್ನು ಎಳೆದರೆ ಅವು ಎರಡೇ ಬಿಂದುಗಳಲ್ಲಿ ಕೂಡುತ್ತವೆ. ಅವುಗಳಲ್ಲಿ ಒಂದು ಗೋಡೆಯ ಈಚೆಗೆ, ಮನೆಯ ಕಡೆಗೆ ಬೀಳುತ್ತದೆ, ಇನ್ನೊಂದೇ ಟ್ಯಾಂಕು.