ಹಳೇ ಡಿಸ್ಕ್, ಹೊಸ ಪೆಟ್ಟಿಗೆ

ಮೊಬೈಲ್ ಅಪ್‌ಡೇಟ್ ಆದ ಮರುದಿನ ಬಟನ್ ಎಲ್ಲಿ ಹೋದ್ವು ಅಂತ ಹುಡುಕೋದು ನಮಗೆಲ್ಲ ಗೊತ್ತಿದ್ದದ್ದೇ. 2015ರ ನವೆಂಬರ್ 12ರಂದು ಎಕ್ಸ್‌ಬಾಕ್ಸ್ ಒನ್ ಆಡುವವರಿಗೂ ಹಾಗೇ ಆಯ್ತು. ಒಂದೇ ಅಪ್‌ಡೇಟ್‌ನಲ್ಲಿ ಎರಡು ಬದಲಾವಣೆ ಬಂದವು: ವಿಂಡೋಸ್ 10 ಆಧರಿಸಿದ ಹೊಸ ಹೋಮ್ ಸ್ಕ್ರೀನ್, ಜೊತೆಗೆ ಹಳೆಯ ಎಕ್ಸ್‌ಬಾಕ್ಸ್ 360ರ 104 ಆಟಗಳನ್ನು ಆಡುವ ಅವಕಾಶ.

ಹೊಸ ಸ್ಕ್ರೀನ್ ಕೆಲವರಿಗೆ ಚುರುಕು ಅನ್ನಿಸಿತು. ಕಿನೆಕ್ಟ್ ಮುಂದೆ ಕೈಯಾಡಿಸಿ ಮೆನು ನಡೆಸುವ ಸೌಲಭ್ಯ ತೆಗೆದದ್ದು ಕೆಲವರಿಗೆ ಹಿಡಿಸಲಿಲ್ಲ. ಹಳೇ ಆಟಕ್ಕೆ ಮಾತ್ರ ಭರ್ಜರಿ ಸ್ವಾಗತ. ಯಾಕಂದ್ರೆ ಅದಕ್ಕೆ ಆಗಲೇ ದುಡ್ಡು ಕೊಟ್ಟಾಗಿತ್ತು.

ಇದು ಸುಲಭದ ಕೆಲಸವಲ್ಲ. 360ರಲ್ಲಿ ಇದ್ದದ್ದು ಪವರ್‌ಪಿಸಿ ಪ್ರೊಸೆಸರ್, ಒನ್‌ನಲ್ಲಿ ಎಕ್ಸ್86. ಒಂದರ ಮಷೀನ್ ಕೋಡ್ ಇನ್ನೊಂದಕ್ಕೆ ತಿಳಿಯೋದಿಲ್ಲ. ಅದಕ್ಕೇ ಮೈಕ್ರೋಸಾಫ್ಟ್ ಹಳೇ ಯಂತ್ರವನ್ನೇ ಸಾಫ್ಟ್‌ವೇರ್‌ನಲ್ಲಿ ಕಟ್ಟಿತು. ಇದೇ ಎಮ್ಯುಲೇಟರ್. ಆಟ ಮಾತ್ರ ತಾನಿನ್ನೂ 360ರಲ್ಲೇ ಓಡ್ತಿದ್ದೀನಿ ಅಂದ್ಕೊಂಡಿರುತ್ತೆ.

ಆದರೆ ಒಂದು ತೊಡಕೈತಿ ನೋಡ್ರಿ. ಹಳೇ ಡಿಸ್ಕ್ ಹಾಕಿದರೂ ಆಟ ಅದರಿಂದ ಓಡೋದಿಲ್ಲ. ಹೊಸ ಪೆಟ್ಟಿಗೆಗೆ ಹೊಂದಿಸಿದ ಪ್ರತಿಯನ್ನು ಇಂಟರ್ನೆಟ್‌ನಿಂದ ಇಳಿಸಿಕೊಳ್ಳಬೇಕು. ಡಿಸ್ಕ್ ಬರೀ ಕೀಲಿಕೈ. ಬೆಂಗಳೂರಿನ ಫೈಬರ್‌ಗೆ ಇದು ಲೆಕ್ಕಕ್ಕಿಲ್ಲ. ರೋಣ ತಾಲ್ಲೂಕಿನ ಬೆಳವಣಕಿಯಲ್ಲಿ ದಿನಕ್ಕೆ 1.5 ಜಿಬಿ ಪ್ಯಾಕ್ ಹಾಕಿಸಿ ಹಾಟ್‌ಸ್ಪಾಟ್ ನಂಬಿದವರಿಗೆ 7 ಜಿಬಿಯ ಒಂದು ಆಟಕ್ಕೆ ಐದು ದಿನ ಬೇಕು.

ಸರ್ವರ್ ಇರೋತನಕ ಮಾತ್ರ ಈ ದಾರಿ. 360ರ ಸ್ವಂತ ಅಂಗಡಿ 2024ರ ಜುಲೈ 29ಕ್ಕೆ ಮುಚ್ಚಿತು. ಹೊಂದಿಸಿದ ಆಟಗಳು ಹೊಸ ಕನ್ಸೋಲ್‌ಗಳಲ್ಲಿ ಉಳಿದವು. ಹಂಗಾಗಿ ಇಳಿಸಿದ್ದನ್ನು ಅಳಿಸಬ್ಯಾಡ್ರಿ. ಹೊರಗಿನ ಹಾರ್ಡ್‌ಡಿಸ್ಕ್‌ಗೆ ಸಾಗಿಸಿ ಇಟ್ಕೊಳ್ರಿ.